ಮನೆಗೆ ಹಳೇ ಟಾಕೀಸ್ ಥರ ಲೈಟ್ ಬೋರ್ಡ್ ಮಾಡ್ಬೇಕು, ಕನ್ನಡದಲ್ಲಿ. ಒತ್ತು ಕೂರ್ತಿಲ್ಲ, ಏನ್ ಮಾಡ್ಲಿ?

ಆಪರೇಟರ್ ಮಗಳು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗತ್ತೆ, ಗೊತ್ತಿರೋರು ದಯವಿಟ್ಟು ಪೂರ್ತಿ ಓದಿ ಹೇಳಿ.

ನಮ್ಮಪ್ಪ ಹಾಸನ ಜಿಲ್ಲೆಯ ಒಂದು ತಾಲ್ಲೂಕು ಊರಲ್ಲಿ ಟಾಕೀಸ್ ಆಪರೇಟರ್ ಆಗಿದ್ರು, 31 ವರ್ಷ. ಕಾರ್ಬನ್ ಕಡ್ಡಿ ಉರಿಸಿ ಪ್ರೊಜೆಕ್ಟರ್ ಓಡಿಸ್ತಿದ್ದ ಕಾಲದಿಂದ ಇದ್ದೋರು, ಆಮೇಲೆ ಝೆನಾನ್ ಲ್ಯಾಂಪ್ ಬಂತು, ಆಮೇಲೆ ಡಿಜಿಟಲ್ ಬಂದು ರೀಲ್ ಡಬ್ಬಗಳೇ ಬರೋದು ನಿಂತೋಯ್ತು, ಕೊನೆಗೆ ಟಾಕೀಸೇ ಮುಚ್ಚಿ ಈಗ ಆ ಜಾಗದಲ್ಲಿ ಕಲ್ಯಾಣ ಮಂಟಪ ಇದೆ. ಹೋದ ವರ್ಷ ಅದೇ ಮಂಟಪಕ್ಕೆ ಒಂದು ಮದುವೆಗೆ ಹೋಗಿದ್ವಿ. ಅಪ್ಪ ಊಟಕ್ಕೆ ಕೂತಿದ್ದ ಜಾಗ ಸರಿಯಾಗಿ ಗಾಂಧಿ ಕ್ಲಾಸ್ ಇದ್ದ ಜಾಗವಂತೆ, ಅದನ್ನ ಪಕ್ಕದಲ್ಲಿದ್ದೋರಿಗೆಲ್ಲ ಕೈ ತೋರಿಸಿ ತೋರಿಸಿ ಹೇಳ್ತಿದ್ರು. ಪರದೆ ಇಲ್ಲಿತ್ತು, ಬಾಗಿಲು ಇಲ್ಲಿತ್ತು, ನನ್ನ ಕಿಟಕಿ ಅಲ್ಲಿತ್ತು ಅಂತ. ಅವತ್ತೇ ತೀರ್ಮಾನ ಮಾಡ್ದೆ, ಮನೆ ಹಾಲ್‌ನಲ್ಲಿ ಟಿವಿ ಮೇಲೆ ಟಾಕೀಸ್ ಬೋರ್ಡ್ ಥರದ್ದೊಂದು ಮಾಡಿಸ್ಬೇಕು ಅಂತ.

ನನ್ನ ಮನಸಲ್ಲಿರೋದು 3 ಅಡಿ ಅಗಲ 2 ಅಡಿ ಎತ್ತರ. ಮೇಲೆ "ಇಂದಿನ ಚಿತ್ರ" ಅಂತ ಪರ್ಮನೆಂಟಾಗಿ ಇರ್ಬೇಕು, ಕೆಳಗೆ ಎರಡು ಸಾಲು ಬದಲಾಯಿಸೋ ಥರ, ಸುತ್ತ ಗುಂಡು ಬಲ್ಬ್ ಓಡ್ಬೇಕು, ಒಳಗಿಂದ ಬೆಳಕು ಬರ್ಬೇಕು. ಸಂಜೆ ಅಪ್ಪ ಯಾವ್ದಾದ್ರೂ ಹಳೇ ಪಿಕ್ಚರ್ ಹಾಕ್ಕೊಂಡು ಕೂತಾಗ ಅದರ ಹೆಸರು ಮೇಲೆ ಇರ್ಬೇಕು. ಅಷ್ಟೇ ಆಸೆ.

ಮೊದಲು ಆನ್‌ಲೈನ್‌ನಲ್ಲಿ ಸಿಗೋ ಚಿಕ್ಕ ಲೈಟ್ ಬಾಕ್ಸ್ ತರಿಸ್ದೆ, ಅದೇ ಅಡ್ಡಡ್ಡ ಪಟ್ಟಿ ಇದ್ದು ಒಂದೊಂದೇ ಅಕ್ಷರ ಸಿಗಿಸೋದು. ಬರೀ ಇಂಗ್ಲಿಷ್ ಅಕ್ಷರ ಕೊಟ್ಟಿದ್ರು. ಸರಿ ಅಂತ ಪ್ಲಾಸ್ಟಿಕ್ ಶೀಟ್ ತಂದು ಕನ್ನಡ ಅಕ್ಷರ ಬರ್ದು ಕತ್ತರಿಸ್ದೆ. ಎರಡು ರಾತ್ರಿ ಕೂತು ಮಾಡಿದ್ದು. "ಇಂದಿನ" ಚೆನ್ನಾಗಿ ಕೂತ್ಕೊಳ್ತು, "ಚಿತ್ರ" ಬಂದಾಗ ಆ ರವೊತ್ತು ಕೆಳಗಿನ ಪಟ್ಟಿ ಒಳಗೆ ಹೋಗಿ ಮುಚ್ಚಿಹೋಯ್ತು. ಒತ್ತು ಕಾಣೋ ಹಾಗೆ ಅಕ್ಷರ ಚಿಕ್ಕದು ಮಾಡಿದ್ರೆ ಮಿಕ್ಕ ಅಕ್ಷರ ಪಕ್ಕದಲ್ಲಿ ದೊಡ್ಡದಾಗಿ ಕಾಣತ್ತೆ. ನಮ್ಮ ಭಾಷೆಗೆ ಈ ಡಬ್ಬ ಆಗಲ್ಲ ಅನ್ನಿಸ್ತು, ನಿಜವಾಗ್ಲೂ ಅಳು ಬಂತು.

ಕನ್ನಡಕ್ಕೆ ಸರಿಹೋಗೋ ಥರ ಹೇಗೆ ಮಾಡೋದು? ಬಲ್ಬ್ ಯಾವ್ದು ಹಾಕೋದು? ಇನ್ನೊಂದು ವಿಷಯ, ಟಾಕೀಸ್ ಒಡೆಯೋವಾಗ ಅಪ್ಪ ಗೇಟಿಗೆ ನೇತು ಹಾಕ್ತಿದ್ದ "ಹೌಸ್ ಫುಲ್" ತಗಡಿನ ಬೋರ್ಡ್ ಎತ್ತಿಟ್ಕೊಂಡಿದ್ರು. ತುಕ್ಕು ಹಿಡಿದಿದೆ, ಬಣ್ಣ ಅಲ್ಲಲ್ಲಿ ಎದ್ದಿದೆ. ಅದನ್ನ ಹೊಸದಾಗಿ ಪೇಂಟ್ ಮಾಡಿಸ್ಬಹುದಾ?

ಬೋರ್ಡ್ ಬರೆಯೋನು, ಮೈಸೂರು:

ತಂಗಿ, ಮೊದಲು ಕೊನೇ ಪ್ರಶ್ನೆಗೆ ಉತ್ತರ ಹೇಳ್ತೀನಿ. ಆ ತಗಡಿನ ಬೋರ್ಡಿಗೆ ಯಾರ ಕೈಲೂ ಬಣ್ಣ ಹಚ್ಚಿಸ್ಬೇಡ. ಅದ್ರ ಮೇಲಿರೋದು ಯಾರೋ ನಮ್ಮಂಥ ಬೋರ್ಡ್ ಆರ್ಟಿಸ್ಟ್ ಕೈಬರಹ, ಮತ್ತೆ ಸಿಗಲ್ಲ. ಒಣಬಟ್ಟೆಲಿ ಧೂಳು ತೆಗಿ, ಎದ್ದಿರೋ ಬಣ್ಣದ ಚಕ್ಕೆನ ಉಗುರಲ್ಲಿ ಕೀಳ್ಬೇಡ, ಬಣ್ಣ ಇಲ್ಲದ ಕಡೆ ಸಡಿಲ ತುಕ್ಕು ಮಾತ್ರ ಮೆತ್ತಗೆ ಬ್ರಷ್‌ನಲ್ಲಿ ಉಜ್ಜಿ, ಮೇಲೆ ಮ್ಯಾಟ್ ಕ್ಲಿಯರ್ ಲ್ಯಾಕರ್ ಸ್ಪ್ರೇ ತೆಳ್ಳಗೆ ಎರಡು ಕೋಟು. ಮೊದಲು ಹಿಂಭಾಗದಲ್ಲೋ ಮೂಲೆಲೋ ಸ್ವಲ್ಪ ಹೊಡೆದು ಒಂದು ದಿನ ನೋಡು, ಹಳೇ ಬಣ್ಣ ಸುಕ್ಕು ಬರ್ಲಿಲ್ಲ ಅಂದ್ರೆ ಮುಂಭಾಗಕ್ಕೆ ಹೊಡಿ. ತುಕ್ಕು ಇರ್ಲಿ, ಅದೂ ಆ ಗೇಟಲ್ಲಿ ಮಳೆ ಬಿಸಿಲು ಕಂಡು ಬಂದಿದ್ದು ತಾನೇ.

ಈಗ ಅಕ್ಷರದ ವಿಷಯ. ನೀನು ತರಿಸಿದ ಡಬ್ಬ ಅಮೆರಿಕಾ ಥಿಯೇಟರ್‌ಗಳ ಮುಂಭಾಗದ ನಕಲು. ಅಲ್ಲಿ ಬಿಳಿ ಹಾಲುಗಾಜು, ಅದಕ್ಕೆ ಅಡ್ಡ ಪಟ್ಟಿ, ಅದ್ರಲ್ಲಿ ಬಿಡಿ ಅಕ್ಷರ ತೂಗುಹಾಕೋದು. ಅವರ ದೊಡ್ಡಕ್ಷರ ಎಲ್ಲಾ ಒಂದೇ ಎತ್ತರ, ಮೇಲೂ ಏನೂ ಇಲ್ಲ ಕೆಳಗೂ ಏನೂ ಇಲ್ಲ, ಅದಕ್ಕೆ ನಡಿಯತ್ತೆ. ನಮ್ದು ಹಾಗಲ್ಲ. ಮೇಲೆ ಗುಡಿಸು, ಕೆಳಗೆ ಒತ್ತು, ಪಕ್ಕದಲ್ಲಿ ದೀರ್ಘ. ನಾನು ನೋಡಿದ ಯಾವ ಟಾಕೀಸಲ್ಲೂ ಕನ್ನಡ ಬಿಡಿ ಅಕ್ಷರ ಸಿಗಿಸ್ತಿರಲಿಲ್ಲ. ಮೈಸೂರಲ್ಲಾಗ್ಲಿ ಬೆಂಗಳೂರು ಕೆಂಪೇಗೌಡ ರಸ್ತೆಲಾಗ್ಲಿ ದೊಡ್ಡದಿದ್ರೆ ಬಟ್ಟೆ ಬ್ಯಾನರ್, ಕಟೌಟು, ಚಿಕ್ಕದಿದ್ರೆ ತಗಡು ಇಲ್ಲಾ ಪ್ಲೈವುಡ್ ಮೇಲೆ ಬರೆಯೋದು, ವಾರ ಬದಲಾದ್ರೆ ಅದರ ಮೇಲೇ ಬಿಳಿ ಹೊಡೆದು ಮತ್ತೆ ಬರೆಯೋದು. ನಾನು 14 ವಯಸ್ಸಲ್ಲಿ ಮೇಷ್ಟ್ರ ಹತ್ರ ಸೇರಿದಾಗ ನನ್ನ ಮೊದಲ ವರ್ಷದ ಕೆಲಸವೇ ಅದು, ಗುರುವಾರ ರಾತ್ರಿ ಹಳೇ ಹೆಸರಿನ ಮೇಲೆ ಬಿಳಿ ಹೊಡೆಯೋದು. ಬೆಳಿಗ್ಗೆ ಅವರು ಬಂದು ಹೊಸ ಹೆಸರು ಬರೀತಿದ್ರು.

ಅವರು ಕಲಿಸಿದ ಲೆಕ್ಕ ಹೇಳ್ತೀನಿ, ಬರ್ಕೋ. ಅಕ್ಷರದ ಮೈ 2 ಇಂಚು ಅಂದ್ರೆ ಮೇಲೆ ಮುಕ್ಕಾಲು ಇಂಚು ಗುಡಿಸು, ಏತ್ವಕ್ಕೆ ಬಿಡು, ಕೆಳಗೆ ಒಂದೂಕಾಲು ಇಂಚು ಒತ್ತಿಗೆ ಬಿಡು. ಒಟ್ಟು ಒಂದು ಸಾಲಿಗೆ 4 ಇಂಚು. ಇದನ್ನ ಬಿಡದೆ ಪಟ್ಟಿ ಹಾಕಿದ್ರೆ ಯಾವ ಡಬ್ಬ ತಂದ್ರೂ ನಿನಗೆ ಆದ ಗತಿಯೇ. ಚಾಕ್‌ಪೀಸ್ ಹಚ್ಚಿದ ದಾರ ಎಳೆದು ಹೊಡಿ, ಎರಡು ಗೆರೆ ಬರ್ಲಿ, ತಲೆಕಟ್ಟು ಮೇಲಿನ ಗೆರೆಗೆ ತಾಗ್ಬೇಕು, ಹೊಟ್ಟೆ ಕೆಳಗಿನ ಗೆರೆಗೆ ಕೂರ್ಬೇಕು. ಒತ್ತು ಗೆರೆಯಿಂದ ಕೆಳಗೆ ಸ್ವತಂತ್ರವಾಗಿರ್ಲಿ, ಅಕ್ಷರದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಸೈಜು. ಬಹಳ ಜನ ಒತ್ತನ್ನ ಚಿಕ್ಕದಾಗಿ ಮೂಲೆಲಿ ತುರುಕ್ತಾರೆ, ದೂರದಿಂದ ಅದು ಚುಕ್ಕಿ ಥರ ಕಾಣತ್ತೆ.

ಹಳೇ ಸಿನಿಮಾ ಬೋರ್ಡ್ ಕಳೆ ಬರ್ಬೇಕು ಅಂದ್ರೆ ಮೇಲಿನ "ಇಂದಿನ ಚಿತ್ರ" ಅನ್ನೋದನ್ನ ಪ್ರಿಂಟ್ ಹಾಕಿಸ್ಬೇಡ, ಕೈಲಿ ಬರೆಸು. ಕೆಂಪು ನೆಲ, ಹಳದಿ ಅಕ್ಷರ, ಎಡಗಡೆ ಕೆಳಗೆ ಕಪ್ಪು ಶೇಡು. ಶೇಡು ಎಲ್ಲಾ ಅಕ್ಷರಕ್ಕೂ ಒಂದೇ ಕಡೆ ಬೀಳ್ಬೇಕು, ಒಂದು ಅಕ್ಷರಕ್ಕೆ ಆಚೆ ಈಚೆ ಆದ್ರೂ ಕಣ್ಣು ಅಲ್ಲೇ ಹೋಗತ್ತೆ. ಅದನ್ನ ಜಿಐ, ಅಂದ್ರೆ ಸತು ಲೇಪಿಸಿದ ತಗಡಿನ ಮೇಲೆ ಬರೆಸೋದಾದ್ರೆ ಹೊಸ ತಗಡಿಗೆ ನೇರವಾಗಿ ಎನಾಮೆಲ್ ಹಚ್ಚಿದ್ರೆ ಒಂದೆರಡು ವರ್ಷಕ್ಕೆ ಹಾಳೆ ಹಾಳೆಯಾಗಿ ಎದ್ದು ಬರತ್ತೆ. ಅದರ ಮೇಲಿನ ಸತು ಎಣ್ಣೆ ಬಣ್ಣಕ್ಕೆ ಆಗಲ್ಲ, ಮಧ್ಯ ಸಾಬೂನಿನ ಥರ ಪದರ ಕಟ್ಕೊಳ್ಳತ್ತೆ. ಅಂಗಡಿಲಿ ಜಿಐ ಶೀಟಿಗೆ ಅಂತಲೇ ಪ್ರೈಮರ್ ಕೇಳಿ ತಗೋ.

ಸೀರಿಯಲ್ ಸೆಟ್, ಬೆಂಗಳೂರು:

ಮೇಡಂ, ನಾನು ಗಣೇಶನ ಪೆಂಡಾಲು, ಮದುವೆ ಮನೆ ಲೈಟಿಂಗ್ ಮಾಡೋನು, ಲೈಟಿನ ಭಾಗ ನಾನು ಹೇಳ್ತೀನಿ.

ಹಳೇ ಟಾಕೀಸಲ್ಲಿ ಸುತ್ತ ಇರ್ತಿದ್ದಿದ್ದು ಜೀರೋ ಬಲ್ಬು. ಹೆಸರಿಗೆ ಜೀರೋ ವ್ಯಾಟು, ನಿಜಕ್ಕೂ 15 ವ್ಯಾಟ್ ಹತ್ತಿರ ಎಳೀತಿತ್ತು. ನಿಮ್ಮ ಸೈಜಿಗೆ ಅಂಥದ್ದು 24 ಹಾಕಿದ್ರೆ 360 ವ್ಯಾಟು, ಅಂದ್ರೆ ಸಣ್ಣ ಇಸ್ತ್ರಿ ಪೆಟ್ಟಿಗೆ ಗೋಡೆಗೆ ನೇತು ಹಾಕಿದಂಗೆ. ಪ್ಲೈವುಡ್ಡು ಅಕ್ರಿಲಿಕ್ಕು ಇರೋ ಡಬ್ಬಕ್ಕೆ ಬೇಡವೇ ಬೇಡ. ಈಗ ಎಲ್‌ಇಡಿ ಜೀರೋ ಬಲ್ಬ್ ಅರ್ಧ ವ್ಯಾಟಿಂದು ಬರತ್ತೆ, ಬಿಸಿ ಇಲ್ಲ, ಆದ್ರೆ ಅದಕ್ಕೂ 230 ವೋಲ್ಟ್ ಲೈನು ಡಬ್ಬದ ಸುತ್ತ 24 ಹೋಲ್ಡರಿಗೂ ಓಡ್ಬೇಕು. ಮನೇಲಿ ಮಕ್ಕಳು ಇರ್ಬಹುದು, ನಿಮ್ಮಪ್ಪ ಆಗಾಗ ಹೆಸರು ಬದಲಾಯಿಸೋಕೆ ಕೈ ಹಾಕ್ತಾರೆ. ಕೈಯಿಟ್ಟು ಬದಲಾಯಿಸೋ ಬೋರ್ಡಿಗೆ ನಾನು ಯಾವತ್ತೂ 230 ಕೊಡಲ್ಲ.

12 ವೋಲ್ಟಲ್ಲೇ ಮಾಡಿ. ಪೆಂಡಾಲಿಗೆ ನಾವು ಹಾಕೋ ಪಿಕ್ಸೆಲ್ ಎಲ್‌ಇಡಿ ಅಂತ ಬರತ್ತೆ, ಒಂದೊಂದನ್ನೂ ಬೇರೆ ಬೇರೆಯಾಗಿ ಹತ್ತಿಸಿ ಆರಿಸಬಹುದು, ಒಂದು ಮಾಲೆಲಿ 50 ಇರತ್ತೆ, 12 ಮಿಮೀ ತೂತು ಕೊರೆದ್ರೆ ಹಿಂದಿನಿಂದ ಒತ್ತಿ ಕೂರಿಸ್ಬಹುದು. ಎಸ್.ಪಿ. ರೋಡಲ್ಲಿ ಬಾಕ್ಸ್ ಬಾಕ್ಸ್ ಸಿಗತ್ತೆ, ತಗೋವಾಗ 12 ವೋಲ್ಟಿಂದೇ ಅಂತ ಕೇಳಿ ತಗೊಳ್ಳಿ, 5 ವೋಲ್ಟಿಂದೂ ನೋಡೋಕೆ ಹಾಗೇ ಇರತ್ತೆ. ಎರಡು ಪಿಕ್ಸೆಲ್ ಮಧ್ಯ ವೈರು ಸಾಮಾನ್ಯವಾಗಿ 4 ಇಂಚಷ್ಟೇ ಇರತ್ತೆ, ಎಳೆದು ಬಿಗಿ ಮಾಡ್ಬೇಡಿ, 3 ಇಂಚಿಗೊಂದು ತೂತು ಹಾಕಿ. ಸುತ್ತಳತೆ 10 ಅಡಿ, ಅಂದ್ರೆ 40 ಪಿಕ್ಸೆಲ್. 40 ಯಾಕೆ ಒಳ್ಳೇದು ಅಂದ್ರೆ ನಾಲ್ಕರಿಂದ ಸರಿಯಾಗಿ ಭಾಗ ಆಗತ್ತೆ, ಒಂದು ಹತ್ತಿ ಮೂರು ಆರಿ ಓಡೋವಾಗ ಮೂಲೆಲಿ ಎಲ್ಲೂ ತಪ್ಪಲ್ಲ. ಗುಂಡು ಬಲ್ಬ್ ಥರ ಕಾಣೋಕೆ ಪ್ರತಿ ಪಿಕ್ಸೆಲ್ ಮೇಲೂ ಬಿಳಿ ಪ್ಲಾಸ್ಟಿಕ್ ಟೇಬಲ್ ಟೆನಿಸ್ ಚೆಂಡು ತೂತು ಮಾಡಿ ಸಿಗಿಸಿ. ಚೆಂಡು 40 ಮಿಮೀ, 3 ಇಂಚಿನ ಅಂತರಕ್ಕೆ ಅಕ್ಕಪಕ್ಕ ಸ್ವಲ್ಪ ಜಾಗ ಬಿಟ್ಟು ಅಚ್ಚುಕಟ್ಟಾಗಿ ಕೂರತ್ತೆ. ಬಣ್ಣ ಬೆಚ್ಚಗಿನ ಹಳದಿಗೆ ಸೆಟ್ ಮಾಡಿ, ಏಳು ಬಣ್ಣ ಓಡಿಸಿದ್ರೆ ಮೊಬೈಲ್ ಅಂಗಡಿ ಆಗೋಗತ್ತೆ.

ಒಳಗಿನ ಬೆಳಕಿಗೆ ಮಾಮೂಲಿ 12 ವೋಲ್ಟ್ ಸ್ಟ್ರಿಪ್, ಮೀಟರಿಗೆ 60 ಎಲ್‌ಇಡಿ ಇರೋದು, 4.8 ವ್ಯಾಟ್ ಮೀಟರಿಗೆ, ಒಂದು 5 ಮೀಟರ್ ರೋಲ್ ಸಾಕು. 80 ಸೆಂಟಿಮೀಟರಿನ ಆರು ತುಂಡು ಮಾಡಿ ಅಡ್ಡಡ್ಡ ಅಂಟಿಸಿ, ಗುರುತು ಇರೋ ಕಡೆ ಮಾತ್ರ ಕತ್ತರಿಸಿ. ಇಲ್ಲೇ ಎಲ್ಲರೂ ತಪ್ಪು ಮಾಡೋದು, ಡಬ್ಬ ತೆಳ್ಳಗೆ ಮಾಡಿಬಿಡ್ತಾರೆ, ಆಮೇಲೆ ಅಕ್ರಿಲಿಕ್ ಹಿಂದೆ ಎಲ್‌ಇಡಿ ಸಾಲು ಸಾಲು ಗೆರೆ ಥರ ಕಾಣತ್ತೆ. ಎರಡು ಸಾಲಿನ ಮಧ್ಯ ಎಷ್ಟು ಅಂತರ ಇದ್ಯೋ ಅಷ್ಟಾದ್ರೂ ದೂರದಲ್ಲಿ ಅಕ್ರಿಲಿಕ್ ಇರ್ಬೇಕು. ನಿಮ್ದು ಸಾಲಿಗೆ ಸುಮಾರು 9 ಸೆಂಟಿಮೀಟರ್ ಬರತ್ತೆ, ಹಾಗಾಗಿ ಒಳಗಿನ ಆಳ 4 ಇಂಚು ಇಡಿ, ಒಳಗೆಲ್ಲ ಬಿಳಿ ಬಣ್ಣ ಹೊಡೀರಿ. ಮುಂದೆ 3 ಮಿಮೀ ಹಾಲುಬಿಳಿ ಅಕ್ರಿಲಿಕ್. ಅದನ್ನ ಬಿಗಿಯಾಗಿ ಸ್ಕ್ರೂ ಹೊಡೀಬೇಡಿ, ಬಿಸಿಗೆ ಅದು ಹಿಗ್ಗತ್ತೆ, ಬೀಡಿಂಗ್ ಒಳಗೆ ಒಂದೆರಡು ಮಿಮೀ ಆಡೋ ಹಾಗೆ ಬಿಡಿ. ಕರೆಂಟಿಗೆ, ಅಂದ್ರೆ 230ನ್ನ 12 ವೋಲ್ಟಿಗೆ ಇಳಿಸೋಕೆ, 12 ವೋಲ್ಟ್ 10 ಆಂಪ್ ಎಸ್‌ಎಂಪಿಎಸ್ ಒಂದೇ ಸಾಕು, ಎಲ್ಲಾ ಸೇರಿ 55 ವ್ಯಾಟ್ ದಾಟಲ್ಲ. ಎಸ್‌ಎಂಪಿಎಸ್ ಡಬ್ಬದ ಒಳಗೆ ಬೇಡ, ಟಿವಿ ಯುನಿಟ್ ಕೆಳಗೆ ಗಾಳಿ ಆಡೋ ಕಡೆ ಇಟ್ಟು ಎಲೆಕ್ಟ್ರಿಷಿಯನ್ ಕೈಲಿ ಅರ್ಥಿಂಗ್ ಕೊಡಿಸಿ. ಮೇಲೆ ಹೋಗೋದು 12 ವೋಲ್ಟ್ ವೈರು ಮಾತ್ರ, ಅದು ದಪ್ಪದ್ದಿರ್ಲಿ.

ನೈಟ್ ಶೋ:

ಇಷ್ಟೆಲ್ಲಾ ಯಾಕೆ, ಬ್ಯಾಕ್‌ಲಿಟ್ ಫ್ಲೆಕ್ಸ್ ಪ್ರಿಂಟ್ ಹಾಕಿಸಿ ಡಬ್ಬಕ್ಕೆ ಎಳೆದುಬಿಡಿ, ಒಂದು ದಿನದ ಕೆಲಸ. ನಾನು ಹಾಗೇ ಮಾಡ್ಸಿದ್ದು, ಚೆನ್ನಾಗೇ ಇದೆ.

ಬೋರ್ಡ್ ಬರೆಯೋನು, ಮೈಸೂರು:

ನಿಮಗೆ ಚೆನ್ನಾಗಿದ್ರೆ ಸಂತೋಷ ಸರ್. ಆದ್ರೆ ಆ ಹುಡುಗಿ ಅಪ್ಪ ಕೈಬರಹದ ಬೋರ್ಡ್ ಕೆಳಗೆ 31 ವರ್ಷ ಓಡಾಡಿದೋರು. ಅವರಿಗೆ ಒಂದೇ ನೋಟಕ್ಕೆ ಗೊತ್ತಾಗತ್ತೆ. ಫ್ಲೆಕ್ಸ್ ಬಂದ ಮೇಲೆ ನಮ್ಮ ಜೊತೆ ಕೆಲಸ ಮಾಡ್ತಿದ್ದ ಎಷ್ಟೋ ಜನ ಬ್ರಷ್ ಇಟ್ಟು ಬೇರೆ ಕೆಲಸಕ್ಕೆ ಹೋದ್ರು, ಅದಕ್ಕೆ ನನಗೆ ಆ ಮಾತು ಬಂದ್ರೆ ಮನಸ್ಸು ತಡೆಯಲ್ಲ. ಹೆಸರು ಬರೆಯೋಕೆ ಊರೂರಲ್ಲೂ ಇನ್ನೂ ಒಬ್ಬರಾದ್ರೂ ಆರ್ಟಿಸ್ಟ್ ಇದ್ದಾರೆ, ಹುಡುಕಿ ಕೇಳಿದ್ರೆ ಪ್ರೀತಿಯಿಂದ ಬರ್ಕೊಡ್ತಾರೆ.

ಆಪರೇಟರ್ ಮಗಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತಗಡಿನ ಬೋರ್ಡ್ ಮುಟ್ಟಲ್ಲ ಸರ್, ನೀವು ಹೇಳಿದ್ದು ಕೇಳಿ ಅಪ್ಪನೂ ಸರಿ ಅಂದ್ರು. ಮೇಲಿನ ಸಾಲು ಕೈಲೇ ಬರೆಸ್ತೀನಿ. ಆದ್ರೆ ಕೆಳಗಿನ ಎರಡು ಸಾಲು ದಿನಾ ಬದಲಾಗ್ಬೇಕಲ್ಲ, ಪ್ರತಿ ಸಲ ಬರೆಸೋಕೆ ಆಗಲ್ಲ. ಬಿಡಿ ಅಕ್ಷರ ಆಗಲ್ಲ ಅಂದ್ರೆ ಬೇರೆ ದಾರಿ ಏನು? ಎಷ್ಟು ಅಕ್ಷರ ಮಾಡಿಟ್ಕೋಬೇಕು ಅಂತ ಲೆಕ್ಕ ಹಾಕೋಕೆ ಕೂತೆ, ತಲೆ ತಿರುಗ್ತು.

ಮೊಳೆ ಜೋಡಿಸಿದವ, ಗದಗ:

ತಲಿ ತಿರುಗೂದ ಸಹಜ ಐತ್ರೀ ಅಕ್ಕಾರ. ನಾ ಗದಗದಾಗ ಪ್ರೆಸ್ಸಿನ್ಯಾಗ 12 ವರ್ಷ ಮೊಳಿ, ಅಂದ್ರ ಅಚ್ಚಿನ ಸೀಸದ ಅಕ್ಷರಾ, ಜೋಡಿಸೀನಿ, ಅದಕ್ಕ ಈ ಲೆಕ್ಕ ನನಗ ಬಾಯಿಪಾಠ. ವ್ಯಂಜನ 34, ಒಂದೊಂದಕ್ಕೂ ಕಾಗುಣಿತ ಹಚ್ಚಿದ್ರ ಬರೀ ಅದ 400 ದಾಟತೈತಿ. ಮ್ಯಾಲ ಒತ್ತಕ್ಷರ. ಇಂಗ್ಲಿಷಿನ 26 ಅಕ್ಷರಾ ಮಾಡಿ ಒಂದ ಡಬ್ಬಿಗೆ ಹಾಕಿಟ್ಟಂಗ ಇದನ್ನ ಮಾಡಾಕ ಆಗೂದಿಲ್ಲ.

ಪ್ರೆಸ್ಸಿನ್ಯಾಗ ನಾವು ಏನ ಮಾಡ್ತಿದ್ವಿ ಅಂದ್ರ ಒತ್ತಿನ ಮೊಳಿ ಬ್ಯಾರೆ ಇರ್ತಿತ್ತು. ಅಕ್ಷರದ ಮೊಳಿ ಇಟ್ಟು ಅದರ ಮಗ್ಗಲಕ ಒತ್ತಿನ ಮೊಳಿ ಇಡೂದು. ಎಡಗೈಯಾಗ ಮೊಳಿ ಜೋಡಿಸೂ ಸ್ಟಿಕ್ಕು, ಬಲಗೈ ಮೊಳಿ ಇಟ್ಟ ಕೇಸಿನ ಮ್ಯಾಲ, ಕಣ್ಣು ಕಾಪಿ ಮ್ಯಾಲ, ಕೈ ತಾನ ಹೋಗಿ ತಗೊಂಡ ಬರ್ತಿತ್ತು. ಮೊಳಿ ತಲಿಕೆಳಗ ಇರ್ತಾವ, ಅಕ್ಷರಾ ಕನ್ನಡಿಯಾಗ ನೋಡಿದಂಗ ತಿರುವು, ನೋಡಿ ಓದೂದಲ್ಲ ಬಳ್ಳಿಲೆ ಮುಟ್ಟಿ ಓದೂದು. ಇವತ್ತಿಗೂ ನನ್ನ ಹೆಬ್ಬಳ್ಳಿಗೆ ದವೊತ್ತು ಯಾವುದು ಥವೊತ್ತು ಯಾವುದು ಅಂತ ಗೊತ್ತಾಗತೈತಿ. ಮನ್ಯಾಗ ಅಷ್ಟ ಕೆಲಸಾ ಯಾರು ಮಾಡತಾರ, ಪಿಕ್ಚರ್ ಮುಗದ್ರೂ ಹೆಸರು ಮುಗಿಯಂಗಿಲ್ಲ.

ನೀವು ಅಕ್ಷರಾ ಬಿಡ್ರಿ, ಶಬ್ದಾ ಹಿಡೀರಿ. 2 ಮಿಮೀ ಪಾರದರ್ಶಕ ಅಕ್ರಿಲಿಕ್ 4 ಇಂಚಿನ ಎತ್ತರದ ಪಟ್ಟಿ ಕೊಯ್ಸಿಕೊಳ್ರಿ, ಮೈಸೂರಿನವರು ಹೇಳಿದ ಸಾಲಿನ ಲೆಕ್ಕಕ್ಕ ಸರಿಯಾಗಿ. ಒಂದೊಂದು ಪಟ್ಟಿ ಮ್ಯಾಲ ಒಂದ ಶಬ್ದಾ, ಕಪ್ಪು ಸ್ಟಿಕ್ಕರಿನ್ಯಾಗ. ಗಾಡಿ ನಂಬರ್ ಪ್ಲೇಟಿಗೆ ಮಾಡ್ತಿದ್ದ ರೇಡಿಯಂ ಅಂಗಡಿಯವರು ಕೊಯ್ದ ಕೊಡತಾರ. ಶಬ್ದಾ ಸಣ್ಣದಿದ್ರ ಪಟ್ಟಿ ಸಣ್ಣದು, ದೊಡ್ಡದಿದ್ರ ದೊಡ್ಡದು. ನಡುವ ಜಾಗಾ ತುಂಬಾಕ ಏನೂ ಬರೀದ ಪಟ್ಟಿ ಒಂದ ಇಂಚು, ಎರಡ ಇಂಚು ಅಂತ ಹತ್ತು ಮಾಡಿಟ್ಕೊಳ್ರಿ, ಪ್ರೆಸ್ಸಿನ್ಯಾಗ ಸ್ಪೇಸ್ ಅಂತ ಹಾಕ್ತಿದ್ವಿ ನೋಡ್ರಿ ಹಂಗ. ಡಬ್ಬಿಗೆ ಮ್ಯಾಲ ಕೆಳಗ ಕಾಲುವಿ ಥರಾ ಪಟ್ಟಿ ಹೊಡದ್ರ ಮಗ್ಗಲಿಂದ ಸರಿಸಿ ಹಾಕಬಹುದು. ಕಾಲುವಿ ತುಟಿ ಸಣ್ಣದಿರ್ಲಿ, ಇಲ್ಲಂದ್ರ ಒತ್ತು ಮತ್ತ ಒಳಗ ಹೊಕ್ಕೈತಿ.

ನಿಮ್ಮ ಅಪ್ಪಾರು ಮ್ಯಾಲಿಂದ ಮ್ಯಾಲ ನೋಡೂ ಒಂದ 20 ಪಿಕ್ಚರ್ ಇರಬೇಕಲ್ಲ, ಅವಷ್ಟ ಮಾಡಿಸ್ರಿ. "ಪ್ರತಿದಿನ", "ಆಟಗಳು", "ಇದೇ ಶುಕ್ರವಾರದಿಂದ", "25ನೇ ವಾರ" ಇಂಥಾವು ಎಲ್ಲಾಕ್ಕೂ ಬರತಾವ. ಹೊಸಾ ಹೆಸರು ಬಂದ ದಿನಾ ಖಾಲಿ ಪಟ್ಟಿ ಮ್ಯಾಲ ಪೋಸ್ಟರ್ ಕಲರಿಲೆ ಬರೀರಿ, ಒದ್ದಿ ಅರಿಬಿಲೆ ಒರಸಿದ್ರ ಹೋಗತೈತಿ. ಥಿನ್ನರ್ ಮಾತ್ರ ಅಕ್ರಿಲಿಕ್ಕಿಗೆ ಹಚ್ಚಬ್ಯಾಡ್ರಿ, ಮಂಜು ಕವಿದಂಗ ಆಗಿ ಬಿರಕ ಬಿಡತೈತಿ.

ಬೇ ಏರಿಯಾ ಬಸವನಗುಡಿ:

ಇದನ್ನ ಓದಿ ಸುಮ್ಮನಿರೋಕಾಗ್ಲಿಲ್ಲ. ನಾನಿರೋದು ಅಮೆರಿಕಾದ ಕ್ಯಾಲಿಫೋರ್ನಿಯಾ, ಇಲ್ಲಿಂದ ಪಾಲೋ ಆಲ್ಟೋ ಅನ್ನೋ ಊರು ಹತ್ರ, ಅಲ್ಲಿ ಸ್ಟ್ಯಾನ್‌ಫರ್ಡ್ ಥಿಯೇಟರ್ ಅಂತಿದೆ, 1925ರದ್ದು, ಚೆನ್ನಾಗಿ ರಿಪೇರಿ ಮಾಡಿ ಈಗ್ಲೂ ಹಳೇ ಚಿತ್ರಗಳನ್ನೇ ಹಾಕ್ತಾರೆ. ಅದರ ಮುಂದೆ ಬೋರ್ಡ್ ನೋಡಿದಾಗೆಲ್ಲ ನಮ್ಮ ಬೆಂಗಳೂರು ಎಂ.ಜಿ. ರೋಡ್ ಪ್ಲಾಜಾ ಥಿಯೇಟರ್ ನೆನಪಾಗತ್ತೆ, 1936ರದ್ದು, ಮೆಟ್ರೋಗೋಸ್ಕರ ಒಡೆದ್ರು. ಮೆಜೆಸ್ಟಿಕ್ ಅನ್ನೋ ಏರಿಯಾ ಹೆಸರೇ ಒಂದು ಥಿಯೇಟರಿಂದ ಬಂದಿದ್ದು, ಈಗ ಹೆಸರು ಮಾತ್ರ ಉಳಿದಿದೆ. ಹಾಗಾಗಿ ನಮ್ಮ ಬೇಸ್‌ಮೆಂಟಲ್ಲಿ ನಾನೂ ಕನ್ನಡದಲ್ಲಿ ಒಂದು ಬೋರ್ಡ್ ಮಾಡ್ದೆ.

ಎರಡು ಎಚ್ಚರಿಕೆ ಹೇಳ್ತೀನಿ. ನಾನು ಮೊದಲು ಕಪ್ಪು ಶೀಟಲ್ಲಿ ಅಕ್ಷರಗಳನ್ನ ತೂತಾಗಿ ಕತ್ತರಿಸಿ ಹಿಂದಿನಿಂದ ಬೆಳಕು ಬಿಡೋಣ ಅಂತ ಲೇಸರ್ ಕಟಿಂಗ್‌ಗೆ ಕೊಟ್ಟೆ. ಕನ್ನಡದಲ್ಲಿ ಎಷ್ಟು ಸುತ್ತು ಇದೆ ಅಂತ ಅವತ್ತು ಗೊತ್ತಾಯ್ತು. ಠ, ರ ಇಂಥ ಅಕ್ಷರಗಳ ಒಳಗಿನ ದುಂಡು, ಸೊನ್ನೆ ಒಳಗಿನ ಬಿಲ್ಲೆ, ಎಲ್ಲಾ ಕಳಚಿ ಬಿತ್ತು. ಕೈಲಿ ಒಂದು ಮುಷ್ಟಿ ಕಪ್ಪು ಬಿಲ್ಲೆ, ಶೀಟಲ್ಲಿ ಬರೀ ದೊಡ್ಡ ದೊಡ್ಡ ತೂತು, ಓದೋಕೇ ಬರ್ತಿರಲಿಲ್ಲ. ಗದಗದವರು ಹೇಳಿದ ಹಾಗೆ ಪಾರದರ್ಶಕ ಪಟ್ಟಿ ಮೇಲೆ ಕಪ್ಪು ಅಕ್ಷರ ಅಂಟಿಸೋದೇ ಸರಿ.

ಇನ್ನೊಂದು, ಅಂಗಡಿಗೆ ಫೈಲ್ ಕೊಡೋವಾಗ ಟೈಪ್ ಮಾಡಿದ ಅಕ್ಷರ ಹಾಗೇ ಕೊಡ್ಬೇಡಿ. ಅವರ ಹತ್ರ ಹಳೇ ಸಾಫ್ಟ್‌ವೇರ್ ಇದ್ರೆ ಯೂನಿಕೋಡ್ ಒತ್ತು ಒಡೆದುಹೋಗತ್ತೆ. ನೀವೇ ಎಲ್ಲಾ ಅಕ್ಷರನ ಗೆರೆ ಚಿತ್ರಕ್ಕೆ, ಅಂದ್ರೆ ಕರ್ವ್ಸ್‌ಗೆ ಬದಲಾಯಿಸಿ ಪಿಡಿಎಫ್ ಮಾಡಿ ಕೊಡಿ. ಫಾಂಟ್ ಬೇಕಿದ್ರೆ ಬಾಲೂ ತಮ್ಮ ದಪ್ಪಗೆ ದುಂಡಗೆ ಇದೆ, ಪುಕ್ಕಟೆ ಸಿಗತ್ತೆ, ದೂರದಿಂದ ಚೆನ್ನಾಗಿ ಕಾಣತ್ತೆ.

ಆಪರೇಟರ್ ಮಗಳು:

ಬೋರ್ಡ್ ಗೋಡೆ ಮೇಲಿದೆ! ಏಳು ವಾರ ಹಿಡೀತು.

ಡಬ್ಬ ನಮ್ಮ ಬೀದಿ ಕಾರ್ಪೆಂಟರ್ ಮಾಡಿದ್ದು, 12 ಮಿಮೀ ಪ್ಲೈ, ಆಳ 4 ಇಂಚು. ಮೊದಲು ಅವರು 2 ಇಂಚು ಸಾಕು ಅಂತಿದ್ರು, ಇಲ್ಲಿ ಬರೆದಿದ್ದನ್ನೇ ಓದಿ ಹೇಳ್ದೆ, ಒಪ್ಕೊಂಡ್ರು. ಬೆಳಕು ಹಾಲು ಚೆಲ್ಲಿದ ಹಾಗೆ ಸಮನಾಗಿ ಬರ್ತಿದೆ, ಒಂದು ಗೆರೆನೂ ಕಾಣಲ್ಲ. "ಇಂದಿನ ಚಿತ್ರ" ಬರ್ಕೊಟ್ಟೋರು ನಮ್ಮೂರಲ್ಲೇ ಹಿಂದೆ ಬ್ಯಾನರ್ ಬರೀತಿದ್ದ ಹಿರಿಯರು, ಈಗ ಶಾಲೆ ಗೋಡೆ ಬರೀತಾರೆ. ತಗಡು ನೋಡಿ "ಪ್ರೈಮರ್ ಹೊಡ್ಸಿದ್ಯೇನಮ್ಮ" ಅಂತ ಅವರೇ ಮೊದಲು ಕೇಳಿದ್ರು. ಒಂದು ಕೋಲಿನ ಮೇಲೆ ಮುಂಗೈ ಇಟ್ಕೊಂಡು ಒಂದೇ ಎಳೆತಕ್ಕೆ ತಲೆಕಟ್ಟು ಎಳೆದ್ರು, ಆಮೇಲೆ ಎರಡು ಹೆಜ್ಜೆ ಹಿಂದೆ ಹೋಗಿ ಕಣ್ಣು ಕಿರಿದು ಮಾಡಿ ನೋಡಿ ರವೊತ್ತಿನ ಬಾಲ ಸ್ವಲ್ಪ ಉದ್ದ ಮಾಡಿದ್ರು. ಅಷ್ಟಕ್ಕೇ ಅಕ್ಷರಕ್ಕೆ ಜೀವ ಬಂತು. ದುಡ್ಡು ಕಡಿಮೆನೇ ತಗೊಂಡ್ರು, ಅಪ್ಪನ ಜೊತೆ ಕಾಫಿ ಕುಡೀತಾ ಎರಡು ಗಂಟೆ ಮಾತಾಡಿದ್ರು. ರಿಲೀಸ್ ದಿನ ಅಭಿಮಾನಿ ಸಂಘದ ಹುಡುಗ್ರು ಟಾಕೀಸ್ ಮುಂದೆ ಸ್ಟಾರ್ ಕಟ್ಟೋಕೆ ಬೆಳಗಿನ ಜಾವನೇ ಬಂದು ಏಣಿ ಕೇಳ್ತಿದ್ದಿದ್ದು, ಯಾರ ಸ್ಟಾರ್ ಮೇಲಿರ್ಬೇಕು ಅಂತ ಜಗಳ ಆಡ್ತಿದ್ದಿದ್ದು, ಎಲ್ಲಾ ಆವತ್ತು ನನಗೂ ಗೊತ್ತಾಯ್ತು.

ತೊಂದರೆ ಆಗಿದ್ದು ಸ್ಟಿಕ್ಕರ್ ವಿಷಯದಲ್ಲಿ. ಮೊದಲು ಹೋದ ರೇಡಿಯಂ ಅಂಗಡಿಲಿ ಹೆಸರುಗಳನ್ನ ವಾಟ್ಸಾಪಲ್ಲಿ ಟೈಪ್ ಮಾಡಿ ಕಳಿಸಿಬಿಟ್ಟೆ, ಇಲ್ಲಿ ಹೇಳಿದ್ದು ಮರೆತು. 11 ಪಟ್ಟಿ ಕತ್ತರಿಸಿ ಅಂಟಿಸಿ ಆದ್ಮೇಲೆ ನೋಡಿದ್ರೆ ಒಂದರಲ್ಲೂ ಒತ್ತು ಕೂತಿಲ್ಲ, ಎಲ್ಲಾ ಅರ್ಧಾಕ್ಷರವಾಗಿ ಬಿಡಿ ಬಿಡಿ ಬಂದಿತ್ತು. ತಪ್ಪು ನನ್ನದೂ ಇತ್ತು, ಅವರೂ ಕತ್ತರಿಸೋ ಮುಂಚೆ ತೋರಿಸ್ಬೋದಿತ್ತು. ಎಲ್ಲಾ ಕಿತ್ತು ಬಿಸಿನೀರಲ್ಲಿ ಅಂಟು ಉಜ್ಜಿ, ಕರ್ವ್ಸ್ ಮಾಡಿದ ಪಿಡಿಎಫ್ ತಗೊಂಡು ಬೇರೆ ಕಡೆ ಹೋದೆ. ಈ ಸಲ ಸರಿಯಾಗಿ ಬಂತು. ಈಗ 26 ಪಟ್ಟಿ ಇದೆ, ಚೆಂಡೂ 40 ಹಾಕಿದೀನಿ. ಒಟ್ಟು ಖರ್ಚು 9 ಸಾವಿರ ದಾಟ್ತು, ಅಂದ್ಕೊಂಡಿದ್ದಕ್ಕಿಂತ ಜಾಸ್ತಿ, ಬೇಜಾರಿಲ್ಲ.

ಅಪ್ಪನಿಗೆ ಮುಂಚೆ ತೋರಿಸಿರ್ಲಿಲ್ಲ, ಒಂದು ಸಂಜೆ ಲೈಟ್ ಹಾಕಿ ಕರೆದೆ. ತುಂಬಾ ಹೊತ್ತು ಏನೂ ಮಾತಾಡ್ಲಿಲ್ಲ. ಆಮೇಲೆ ನಾನು "ಪ್ರತಿದಿನ 3 ಆಟಗಳು" ಅಂತ ಹಾಕಿದ್ದನ್ನ ನೋಡಿ "ಭಾನುವಾರ ನಮ್ದು ನಾಲ್ಕು" ಅಂದ್ರು. ನಾಲ್ಕರ ಪಟ್ಟಿ ಬೇರೆ ಮಾಡಿಸ್ದೆ, ಈಗ ಪ್ರತಿ ಭಾನುವಾರ ಅವರೇ ಬದಲಾಯಿಸ್ತಾರೆ. ಪಟ್ಟಿಗಳನ್ನ ಇಡೋಕೆ ಹಳೇ ರೀಲ್ ಡಬ್ಬ ಒಂದು ಅಟ್ಟದಿಂದ ಇಳಿಸಿದಾರೆ, ಉದ್ದ ಪಟ್ಟಿ ಹಿಡಿಸಲ್ಲ, ಆದ್ರೂ ಚಿಕ್ಕವೆಲ್ಲ ಅದ್ರಲ್ಲೇ.

ಒಂದು ಪ್ರಶ್ನೆ ಉಳಿದಿದೆ, ಸೀರಿಯಲ್ ಸೆಟ್ ಅಣ್ಣ ಹೇಳ್ಬೇಕು. ಅಪ್ಪ ಟಿವಿಲಿ ಪಿಕ್ಚರ್ ಹೆಸರು ಬೀಳ್ತಿದ್ದ ಹಾಗೆ ಎದ್ದು ಹೋಗಿ ಬೋರ್ಡ್ ಪೂರ್ತಿ ಆರಿಸ್ತಾರೆ. ಆಟ ಶುರುವಾದ ಮೇಲೆ ಹೊರಗಿನ ಓಡೋ ಲೈಟ್ ಆರಿಸೋದು ಅವರ ಟಾಕೀಸಲ್ಲಿ ಪದ್ಧತಿಯಂತೆ, ಒಳಗೆ ಬಂದೋರು ಬಂದಾಯ್ತಲ್ಲ ಅಂತಾರೆ. ಇಂಟರ್ವಲ್‌ಗೆ ಮತ್ತೆ ಹಾಕ್ಬೇಕು. ಮಂಡಿ ನೋವು, ಪ್ರತಿ ಸಲ ಎದ್ದು ಓಡಾಡೋದು ಕಷ್ಟ. ಹೆಸರಿನ ಬೆಳಕು ಇದ್ದು ಸುತ್ತಿನ ಬಲ್ಬ್ ಮಾತ್ರ ಆರೋ ಥರ ಅವರ ಕುರ್ಚಿ ಪಕ್ಕ ಸ್ವಿಚ್ ಕೊಡ್ಬಹುದಾ? 4 ಮೀಟರ್ ದೂರ ಇದೆ.

ಸೀರಿಯಲ್ ಸೆಟ್, ಬೆಂಗಳೂರು:

ಧಾರಾಳವಾಗಿ ಕೊಡ್ಬಹುದು ಮೇಡಂ. ಎಸ್‌ಎಂಪಿಎಸ್‌ನಿಂದ ಸ್ಟ್ರಿಪ್‌ಗೆ ಹೋಗೋ ವೈರ್ ಹಾಗೇ ಬಿಡಿ. ಪಿಕ್ಸೆಲ್‌ಗೆ ಹೋಗೋ ಪ್ಲಸ್ ಮಾತ್ರ ಕತ್ತರಿಸಿ ಕುರ್ಚಿ ಹತ್ರ ಸ್ವಿಚ್‌ಗೆ ತಂದು ವಾಪಸ್ ಕೊಂಡೊಯ್ಯಿರಿ, ಎರಡು ಕೋರ್ 0.75 ಚದರ ಮಿಮೀ ವೈರ್ ಸಾಕು, 12 ವೋಲ್ಟೇ ಆದ್ರಿಂದ ಕುರ್ಚಿ ಪಕ್ಕ ಇದ್ರೂ ಭಯ ಇಲ್ಲ. ಎಸ್‌ಎಂಪಿಎಸ್ ಹತ್ರಾನೇ ಒಂದು ಫ್ಯೂಸ್ ಹಾಕಿಸಿಬಿಡಿ. ಪಿಕ್ಸೆಲ್ ಓಡಿಸೋ ಕಂಟ್ರೋಲರೂ ಅದೇ ಸ್ವಿಚ್ಚಲ್ಲೇ ಆರ್ಬೇಕು, ಮರೀಬೇಡಿ. ಪಿಕ್ಸೆಲ್‌ಗೆ ಕರೆಂಟ್ ಇಲ್ಲದೆ ಕಂಟ್ರೋಲರ್ ಸಿಗ್ನಲ್ ಮಾತ್ರ ಹೋಗ್ತಿದ್ರೆ ಮೊದಲನೇ ಪಿಕ್ಸೆಲ್ ಸುಟ್ಟೋಗೋ ಸಾಧ್ಯತೆ ಇದೆ. ಸ್ವಿಚ್ ಮಾತ್ರ ಹಳೇ ಕಪ್ಪು ಬೇಕಲೈಟ್ ಪಿಯಾನೋ ಸ್ವಿಚ್ ಹುಡುಕಿ ಹಾಕಿ, ಚಿಕ್ಕಪೇಟೆ ಕಡೆ ಹಳೇ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಕೇಳಿ ನೋಡಿ. ಒತ್ತಿದಾಗ ಟಕ್ ಅನ್ನತ್ತಲ್ಲ, ನಿಮ್ಮಪ್ಪನ ಕೈಗೆ ಅದು ಗೊತ್ತಿರತ್ತೆ.